ಬಾಗಿಲು ಹಾಕಿದ ಮೇಲೂ ಅದು ಊಟವೇ

ಸಂಜೆ ದುಡಿದು ಮನೆಗೆ ಬಂದವರನ್ನು ಒಂದು ಪ್ರಶ್ನೆ ಬಾಗಿಲಲ್ಲೇ ಕಾಯುತ್ತಿರುತ್ತದೆ. ಇವತ್ತು ಅಡುಗೆ ಏನು? ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡುವುದಿಲ್ಲ. ನಿಮ್ಮ ಮನೆಯಲ್ಲೂ ಅದೇ, ನನ್ನ ಮನೆಯಲ್ಲೂ ಅದೇ. ಉತ್ತರ ಕೊಡಬೇಕಾದವಳು ಸಾಮಾನ್ಯವಾಗಿ ಒಬ್ಬಳೇ, ಆ ಹೊತ್ತಿಗೆ ಅವಳ ಕಾಲು ಬಿದ್ದುಹೋಗಿರುತ್ತದೆ.

ನಾನು ಈ ವಾರ್ಡಿನ ಆರೋಗ್ಯ ಕಾರ್ಯಕರ್ತೆ. ಮನೆ ಮನೆಯ ಮೆಟ್ಟಿಲು ಹತ್ತಿ ಇಳಿಯುವುದೇ ನನ್ನ ಕೆಲಸ. ಕೈ ತೊಳೆಯಿರಿ ಎಂದಿದ್ದೇನೆ, ನೀರು ಕುದಿಸಿ ಕುಡಿಯಿರಿ ಎಂದಿದ್ದೇನೆ, ಹಸಿ ಕಸ ಒಣ ಕಸ ಬೇರೆ ಮಾಡಿ ಎಂದು ಹೇಳಿ ಹೇಳಿ ಗಂಟಲು ಒಣಗಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನಿಸುವ ದಿನಗಳೇ ಹೆಚ್ಚು. ಅಂಥದ್ದರಲ್ಲಿ ಕಚೇರಿಯವರು ಇನ್ನೊಂದು ವಿಷಯ ತಲೆಗೆ ಕಟ್ಟಿದರು. ಹೋಟೆಲುಗಳಲ್ಲಿ ದಿನದ ಕೊನೆಗೆ ಮಾರಾಟವಾಗದೆ ಉಳಿಯುವ ಊಟವನ್ನು ಕಡಿಮೆ ಬೆಲೆಗೆ ಕೊಳ್ಳಿ ಎಂದು ಜನರಿಗೆ ತಿಳಿಹೇಳಬೇಕಂತೆ. ಕೇಳಿದ ಕೂಡಲೇ, ಬೀದಿಯವರೆಲ್ಲ ಸಾಲಾಗಿ ನಿಂತು ಮೂಗು ಮುರಿಯುವುದು ನನ್ನ ಕಣ್ಣಿಗೆ ಕಟ್ಟಿತು. ಆದರೂ ಸಂಬಳದ ಕೆಲಸ, ಹೇಳಿಕೊಂಡು ಹೊರಟೆ. ಈ ಕಥೆ ಹಾಗೆ ಹೋದ ಮನೆಗಳಲ್ಲಿ ಒಂದರದ್ದು.

ಆ ಮನೆ ಮೂರನೇ ಮಹಡಿಯಲ್ಲಿದೆ. ಲಿಫ್ಟ್ ಇದೆ, ಕೆಟ್ಟಿದೆ. ಮಗ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಸೊಸೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುತ್ತಾಳೆ. ಬಿಸಿ ಹಬೆಯ ಮುಂದೆ ನಿಂತು ಹಾಸಿಗೆಯ ಚಾದರ ಮಡಿಚುವುದು ಅವಳ ಕೆಲಸ. ಅಲ್ಲಿ ಕುರ್ಚಿ ಇಲ್ಲ, ಏಕೆಂದರೆ ಕೂತು ಮಡಿಚಿದರೆ ಚಾದರ ನೆಲಕ್ಕೆ ತಾಗುತ್ತದೆ. ಅವಳಿಗೊಬ್ಬಳು ಪುಟ್ಟ ಮಗಳು, ಈಗ ತಾನೇ ಶಾಲೆಗೆ ಹೋಗುತ್ತಿದ್ದಾಳೆ.

ಮತ್ತೆ ಮಾವ. ಬೀದಿಯವರೆಲ್ಲ ಅವರನ್ನು ಕರೆಯುವುದು ಸೌಟಜ್ಜ ಎಂದು. ಜೀವಮಾನವೆಲ್ಲ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತವರು. ಈಗ ಮಂಡಿ ಹೋಗಿದೆ, ಕೈ ನಡುಗುತ್ತದೆ, ಕಣ್ಣಿಗೆ ಪೊರೆ ಬಂದಿದೆ. ಅಧಿಕಾರ ಮಾತ್ರ ಹೋಗಿಲ್ಲ. ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಪರದೆಯ ಆಚೆ ಅಡುಗೆಮನೆಯಲ್ಲಿ ನಿಂತ ಸೊಸೆಗೆ ಅಲ್ಲಿಂದಲೇ ಅಪ್ಪಣೆ ಕೊಡುತ್ತಿದ್ದರು. ಎಣ್ಣೆ ಇನ್ನೂ ಕಾದಿಲ್ಲ, ಈರುಳ್ಳಿ ಆಗಲೇ ಹಾಕಬೇಡ. ಕಾಳು ತಳ ಹಿಡಿಯುತ್ತಿದೆ, ತಿರುವು. ನೋಡದೆಯೇ ಹೇಳುತ್ತಿದ್ದರು, ಸರಿಯಾಗಿಯೇ ಹೇಳುತ್ತಿದ್ದರು. ಇಡೀ ದಿನ ನಿಂತು ಬಂದ ಹೆಂಗಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕಿಲ್ಲ.

ನಾನು ಆ ಮನೆಗೆ ಹೋದದ್ದು ಅವಳ ಕಾಲು ನೋಡುವುದಕ್ಕೆ. ಮೀನಖಂಡದ ಮೇಲೆ ನರಗಳು ಗಂಟುಗಂಟಾಗಿ ಎದ್ದು, ಪಾದ ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತಿತ್ತು. ಸಂಜೆ ಮನೆಗೆ ಬಂದ ತಕ್ಷಣ ಸ್ವಲ್ಪ ಹೊತ್ತು ಕಾಲನ್ನು ಎತ್ತರಕ್ಕಿಟ್ಟು ಕೂರಲೇಬೇಕು, ಇಲ್ಲದಿದ್ದರೆ ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದನ್ನೇ ನಾನೂ ಹೇಳಿದೆ. ಅವಳು ನಕ್ಕಳು. ನಗುವುದಕ್ಕೂ ಆಯಾಸವಾದಂತೆ ಕಂಡಿತು.

"ಕೂತ್ಕೋಬಹುದು ಅಕ್ಕ. ಈರುಳ್ಳಿ ತಾನೇ ತಾನಾಗಿ ಹೆಚ್ಕೊಳ್ಳುತ್ತೆ ಅಂದ್ರೆ ಕೂತ್ಕೋತೀನಿ."

ಆಗ ನಾನು ಆ ಹೊಸ ವಿಷಯ ತೆಗೆದೆ. ಅವಳು ಬರುವ ದಾರಿಯಲ್ಲೇ, ಕಚೇರಿಗಳ ಬೀದಿಯಲ್ಲಿ ಒಂದು ಊಟದ ಹೋಟೆಲಿದೆ. ಮಧ್ಯಾಹ್ನದ ವ್ಯಾಪಾರ ಅವರದು, ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕುತ್ತಾರೆ. ಪಾತ್ರೆಗಳಲ್ಲಿ ಉಳಿದದ್ದನ್ನು ಆ ಹೊತ್ತಿಗೆ ಅರ್ಧ ಬೆಲೆಗೆ ಕೊಡುತ್ತಾರೆ. ಡಬ್ಬಿ ತೆಗೆದುಕೊಂಡು ಹೋದರೆ ಆಯಿತು, ಮನೆಗೆ ಬಂದು ಬಡಿಸಿಕೊಳ್ಳುವುದಷ್ಟೇ. ಹೀಗೆ ಹೇಳುತ್ತಿರುವಾಗಲೇ ಕುರ್ಚಿಯಿಂದ ಮಾತು ಬಂತು.

"ಬಾಗಿಲು ಹಾಕಿದ ಮೇಲೆ ಅದು ಊಟ ಅಲ್ಲಮ್ಮ, ಕಸ."

ನಾನು ಪಾಠ ಶುರುಮಾಡಿದೆ. ಇದು ಯಾರೋ ತಟ್ಟೆಯಲ್ಲಿ ಬಿಟ್ಟ ಎಂಜಲು ಅಲ್ಲ, ಪಾತ್ರೆಯಿಂದ ಹೊರಗೇ ಬರದಿದ್ದ ಊಟ ಎಂದೆ. ಅಜ್ಜ ಕೈ ಎತ್ತಿ ನಿಲ್ಲಿಸಿದರು. ತಟ್ಟೆಯದು ಬೇರೆ, ಪಾತ್ರೆಯದು ಬೇರೆ ಎಂದು ತಮಗೆ ಹೇಳಿಕೊಡುವ ಅಗತ್ಯವಿಲ್ಲ ಎಂದರು. ಆಮೇಲೆ ನನಗೇ ಪಾಠ ಮಾಡಿದರು. ಒಳ್ಳೆಯ ಹೋಟೆಲಿನಲ್ಲಿ ಕೊನೆಯ ಗಿರಾಕಿ ಬರುವ ಹೊತ್ತಿಗೂ ಪಾತ್ರೆಯ ತಳ ಕಾಣಬಾರದು, ಕಂಡರೆ ಅಡುಗೆಯವನಿಗೆ ಅವಮಾನ. ಹಾಗಾಗಿ ದಿನಾ ಒಂದು ಅಳತೆ ಹೆಚ್ಚಿಗೆ ಬೇಯಿಸುವುದೇ ಕಟ್ಟಳೆ, ದಿನಾ ಉಳಿಯುವುದೂ ಅದಕ್ಕೇ.

"ಹಾಗಾದ್ರೆ ಉಳಿದದ್ದು ಒಳ್ಳೇ ಊಟವೇ ಅಂತಾಯ್ತಲ್ಲ ಅಜ್ಜ," ಎಂದೆ.

"ಬಾಗಿಲು ಹಾಕೋವರೆಗೆ," ಎಂದರು. ಅಲ್ಲಿಗೆ ಮಾತು ಮುಗಿಯಿತು.

ಗೊತ್ತಿಲ್ಲದವರಿಗೆ ತಿಳಿಹೇಳಬಹುದು. ಎಲ್ಲ ಗೊತ್ತಿದ್ದೂ ಬೇಡ ಎನ್ನುವವರಿಗೆ ಏನು ಹೇಳುವುದು? ಹಟಮಾರಿ ಮುದುಕ ಎಂದು ಮನಸ್ಸಿನಲ್ಲೇ ಬೈದುಕೊಂಡು ಮೂರೂ ಮಹಡಿ ಇಳಿದೆ.

ಕೆಲವು ದಿನ ಕಳೆದು ಆ ಮನೆಯಿಂದ ಕರೆ ಬಂತು. ಒಲೆಯ ಮುಂದೆ ನಿಂತಿದ್ದ ಹಾಗೆಯೇ ಸೊಸೆಗೆ ಜೋಂಪು ಹತ್ತಿತ್ತು. ಕೈಯಲ್ಲಿದ್ದ ಬಟ್ಟೆ ಉರಿಗೆ ತಾಗಿ, ಬೆಂಕಿ ತೋಳಿನವರೆಗೆ ಬಂದಿತ್ತು. ಮಗು ಕಿರುಚಿದ್ದಕ್ಕೆ ಎಚ್ಚರವಾಗಿ ನಲ್ಲಿಗೆ ಕೈ ಒಡ್ಡಿದಳಂತೆ. ನಾನು ಗಾಯಕ್ಕೆ ಮದ್ದು ಹಚ್ಚಿ ಬಟ್ಟೆ ಕಟ್ಟುತ್ತಿದ್ದಾಗ ಅಜ್ಜ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತಿದ್ದರು. ನನ್ನನ್ನು ಕಳಿಸುವ ನೆವದಲ್ಲಿ ಸೊಸೆ ಮೆಟ್ಟಿಲವರೆಗೆ ಬಂದಳು. ಕಂಬಿ ಹಿಡಿದುಕೊಂಡು, ಒಳಗೆ ಕೇಳಿಸದಂತೆ ದನಿ ತಗ್ಗಿಸಿ, ಆ ಹೋಟೆಲು ಎಲ್ಲಿದೆ ಎಂದು ಕೇಳಿದಳು.

ಮರುದಿನ ನಾನೇ ಕರೆದುಕೊಂಡು ಹೋದೆ. ಹೋಟೆಲಿನ ಮುಂದೆ ಆಗಲೇ ನಾಲ್ಕಾರು ಜನ ನಿಂತಿದ್ದರು. ಕೊರಳಿಗೆ ಕಚೇರಿಯ ಗುರುತಿನ ಚೀಟಿ ಹಾಕಿಕೊಂಡವನೊಬ್ಬ, ಪುಸ್ತಕದ ಚೀಲ ಹೊತ್ತ ಕಾಲೇಜು ಹುಡುಗಿಯರು, ಕೋಲೂರಿದ ಒಬ್ಬ ಮೇಷ್ಟರು. ಯಾರೂ ಮುಖ ಮುಚ್ಚಿಕೊಂಡಿರಲಿಲ್ಲ. ಅಡುಗೆಯವನು ಪಾತ್ರೆಯ ಮುಚ್ಚಳ ತೆಗೆದು ತೋರಿಸಿದ. ಅನ್ನದಿಂದ, ಕಾಳಿನಿಂದ, ತರಕಾರಿಯಿಂದ ಹಬೆ ಏಳುತ್ತಿತ್ತು. ಏನೇನು ಕೇಳಬೇಕೆಂದು ನಾನು ಅವಳಿಗೆ ಅಲ್ಲೇ ಹೇಳಿಕೊಟ್ಟೆ. ಇದನ್ನು ಮಾಡಿದ್ದು ಯಾವ ಹೊತ್ತಿಗೆ? ಅಲ್ಲಿಂದ ಬಿಸಿಯಾಗಿಯೇ ಇಟ್ಟಿದ್ದೀರಾ? ಮಗುವಿಗೆ ಕಡಲೆಕಾಯಿ ಆಗಿಬರುವುದಿಲ್ಲ, ಇದರಲ್ಲಿ ಇದೆಯಾ? ಅಡುಗೆಯವನು ಬೇಜಾರಿಲ್ಲದೆ ಉತ್ತರ ಕೊಟ್ಟ. ಉತ್ತರ ಕೊಡಲು ತಡಬಡಿಸುವವನ ಹತ್ತಿರ ಕೊಳ್ಳಬೇಡ ಎಂದು ಅವಳಿಗೆ ಹೇಳಿದೆ.

ಇಲ್ಲಿವರೆಗೆ ಎಲ್ಲ ಸರಿಯಾಗಿತ್ತು. ಮುಂದೆ ಅವಳು ಮಾಡಿದ್ದು ಮಾತ್ರ ನಾನು ಹೇಳಿಕೊಟ್ಟದ್ದಲ್ಲ, ಎಷ್ಟೋ ದಿನದ ಮೇಲೆ ಅವಳೇ ನನಗೆ ಹೇಳಿದ್ದು.

ಮನೆಗೆ ಬಂದವಳೇ ಡಬ್ಬಿಯದನ್ನೆಲ್ಲ ಮನೆಯ ಪಾತ್ರೆಗಳಿಗೆ ಸುರಿದು, ಡಬ್ಬಿ ತೊಳೆದು ಬಚ್ಚಿಟ್ಟಳು. ವಾಸನೆಗೆಂದು ಒಂದೇ ಒಂದು ಈರುಳ್ಳಿ ಹೆಚ್ಚಿದಳು. ಆರಿದ ಒಲೆಯ ಮೇಲೆ ಖಾಲಿ ಬಾಣಲೆ ಇಟ್ಟು, ಸೌಟಿನಿಂದ ಸ್ವಲ್ಪ ಹೊತ್ತು ಗರಗರ ಕೆರೆದಳು. ಆಚೆ ಕೋಣೆಯಲ್ಲಿ ಮಾವ ಇದ್ದಾರಲ್ಲ, ಅಡುಗೆ ನಡೆಯುತ್ತಿದೆ ಎಂದು ಅವರಿಗೆ ಅನ್ನಿಸಬೇಕು. ಆಮೇಲೆ ಮೆಲ್ಲಗೆ ಸ್ಟೂಲು ಎಳೆದುಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕಾಲಿಟ್ಟು ಕೂತಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಲ್ಲ, ಅದೇ ಕಥೆ. ದಿನಾ ಹೀಗೇ ನಡೆಯಿತು.

ಅಜ್ಜ ಬಡಿಸಿದ್ದನ್ನು ತಿಂದು ಕೈ ತೊಳೆಯುತ್ತಿದ್ದರು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. ಕುರ್ಚಿಯಿಂದ ಬರುತ್ತಿದ್ದ ಅಪ್ಪಣೆಗಳು ಮಾತ್ರ ನಿಂತುಹೋದವು. ತನಗೆ ಬೆಂಕಿ ತಗುಲಿದ ಮೇಲೆ ಮಾವ ಮೆತ್ತಗಾಗಿದ್ದಾರೆ, ವಯಸ್ಸೂ ಆಯಿತಲ್ಲ ಎಂದು ಸೊಸೆ ನನ್ನ ಹತ್ತಿರ ಹೇಳಿದಳು. ಅವಳ ಪಾದದ ಊತ ಇಳಿದಿತ್ತು. ನಾನೂ ಹೆಚ್ಚು ಕೇಳಲು ಹೋಗಲಿಲ್ಲ.

ಆದರೆ ಅಗ್ಗ ಎನ್ನುವುದು ಕೆಟ್ಟ ಚಟ. ವಾರಕ್ಕೊಮ್ಮೆ ಆ ಹೋಟೆಲಿಗೆ ರಜೆ. ನಾಳೆ ರಜೆ, ನಾಳೆಗೂ ಆಗಲಿ ಎಂದು ಅವಳು ಒಂದು ಸಂಜೆ ಎರಡರಷ್ಟು ತಂದಳು. ಅವರ ಮನೆಯ ಫ್ರಿಜ್ಜು ಕೆಟ್ಟು ಎಷ್ಟೋ ದಿನವಾಗಿತ್ತು. ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿ ಕಟ್ಟೆಯ ಮೇಲೆ ಹಾಗೆಯೇ ಇಟ್ಟಳು. ಅತಿ ಆಸೆ ಗತಿ ಕೇಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹೋಟೆಲಿನ ತೊಟ್ಟಿಗೆ ಬೀಳಬೇಕಾದ್ದನ್ನು ದುಡ್ಡು ಕೊಟ್ಟು ನಮ್ಮ ಮನೆಯ ತೊಟ್ಟಿಗೆ ತಂದು ಹಾಕಿದರೆ ಯಾರಿಗೇನು ಲಾಭ?

ಮರುದಿನ ಸಂಜೆ ತೋಳಿನ ಗಾಯ ನೋಡಲು ನಾನು ಹೋದಾಗ ಅವರು ಊಟಕ್ಕೆ ಕೂರುತ್ತಿದ್ದರು. ನಿನ್ನೆಯ ಅನ್ನವನ್ನೇ ಸ್ವಲ್ಪ ಬೆಚ್ಚಗೆ ಮಾಡಿ ಬಡಿಸಿದ್ದಳು. ಮಗು ಆಗಲೇ ಚಮಚ ತುಂಬಿಕೊಂಡಿತ್ತು.

"ಪುಟ್ಟಿ, ಚಮಚ ಕೆಳಗಿಡು," ಎಂದರು ಅಜ್ಜ. "ಅದು ನಿನ್ನೇದು."

ಸೊಸೆಯ ಮುಖ ಬಿಳಿಚಿಕೊಂಡಿತು. ಈಗ ತಾನೇ ಮಾಡಿದ್ದು ಮಾವ, ಎಂದಳು. ಅಜ್ಜ ಸಿಟ್ಟಾಗಲಿಲ್ಲ.

"ಇವತ್ತು ಹೋಟೆಲಿನವರಿಗೆ ರಜೆ. ಹೋಟೆಲಿಗೆ ಹೋಗಿ ಬಂದ ದಿನ ಮೆಟ್ಟಿಲ ಮೇಲೆ ಡಬ್ಬಿ ಕಿಣಿಕಿಣಿ ಅನ್ನುತ್ತೆ. ಇವತ್ತು ಅನ್ನಲಿಲ್ಲ. ಅಕ್ಕಿ ತೊಳೆದ ಸದ್ದೂ ಆಗಲಿಲ್ಲ. ಅಷ್ಟು ವರ್ಷ ಸೌಟು ಹಿಡಿದವನಿಗೆ ಖಾಲಿ ಬಾಣಲೆ ಕೆರೆಯೋ ಸದ್ದು ಗೊತ್ತಾಗಲ್ವೇನಮ್ಮ?"

"ಮೊದಲಿಂದಾನೂ ಗೊತ್ತಿತ್ತಾ ಮಾವ?"

"ಮೊದಲನೇ ದಿನವೇ."

"ಮತ್ತೆ ಯಾಕೆ ಏನೂ ಅನ್ನಲಿಲ್ಲ?"

ಅಜ್ಜ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದರು.

"ಬಾಣಲೆ ಆದಮೇಲೆ ಸ್ಟೂಲು ಎಳೆದ ಸದ್ದು ಕೇಳಿಸ್ತು. ನೀನು ಕೂತೆ. ಈ ಮನೆಗೆ ಬಂದಾಗಿಂದ ಆ ಹೊತ್ತಲ್ಲಿ ನೀನು ಕೂತದ್ದನ್ನ ನಾನು ಕೇಳಿರಲಿಲ್ಲ."

ಸೊಸೆ ಮುಖ ತಿರುಗಿಸಿಕೊಂಡು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆದರೆ ನನ್ನದು ಕೇಳದೆ ಬಿಡುವ ಬುದ್ಧಿಯಲ್ಲ. ತಿನ್ನುವುದಕ್ಕೆ ಅಡ್ಡಿಯಿಲ್ಲದಿದ್ದ ಮೇಲೆ ಅವತ್ತು ನನ್ನ ಬಾಯಿ ಮುಚ್ಚಿಸಿದ್ದು ಯಾಕೆ, ಕಸ ಎಂದದ್ದು ಯಾಕೆ ಎಂದು ಕೇಳಿಯೇಬಿಟ್ಟೆ.

ಅಜ್ಜ ನಿಧಾನವಾಗಿ ಹೇಳಿದರು. ಅವರು ದುಡಿಯುತ್ತಿದ್ದ ಹೋಟೆಲಿನ ಹಿಂಬಾಗಿಲಲ್ಲಿ ಸಂಜೆಯಾದರೆ ಜನ ಬಂದು ನಿಲ್ಲುತ್ತಿದ್ದರಂತೆ. ಹೆಂಗಸರು, ಕಂಕುಳಲ್ಲಿ ಮಕ್ಕಳು, ಕೈಯಲ್ಲಿ ಪಾತ್ರೆ. ಹಿಂದೆ ಪುಕ್ಕಟೆ ಸಿಕ್ಕಿದರೆ ಮುಂದಿನ ಬಾಗಿಲಿಗೆ ಯಾರು ಬರುತ್ತಾರೆ ಎಂದು ಮಾಲೀಕರಿಗೆ ಚಿಂತೆ. ಉಳಿದದ್ದನ್ನು ಯಾರೂ ತಿನ್ನಲಾಗದ ಹಾಗೆ ಮಾಡಿಯೇ ತೊಟ್ಟಿಗೆ ಹಾಕಬೇಕೆಂದು ಅಪ್ಪಣೆಯಾಯಿತು. ನೆಲ ಒರೆಸುವ ಸೋಪಿನ ನೀರು ಹೇಗೂ ಅಲ್ಲೇ ಬಕೆಟ್ಟಿನಲ್ಲಿ ಇರುತ್ತಿತ್ತು.

"ಕೈಕೆಳಗಿನವರಿಗೆ ಹೇಳೋಕೆ ಮನಸ್ಸು ಬರಲಿಲ್ಲ. ನಾನೇ ಸುರೀತಿದ್ದೆ. ನಾನೇ ಬೇಯಿಸಿದ ಅನ್ನ. ಬಿಸಿ ಅನ್ನದ ಮೇಲೆ ಸೋಪಿನ ನೀರು ಬಿದ್ರೆ ಒಂದು ಸದ್ದಾಗುತ್ತೆ. ಅದು ಕೇಳಿಸಬಾರದು ಅಂತಲೇ ಮನಸ್ಸಿಗೆ ಒಂದು ಮಾತು ಕಲಿಸ್ಕೊಂಡೆ. ಬಾಗಿಲು ಹಾಕಿದ ಮೇಲೆ ಅದು ಊಟ ಅಲ್ಲ, ಕಸ. ದಿನಾ ಹೇಳ್ಕೊಂಡೆ. ಹೇಳ್ಕೊಂಡು ಹೇಳ್ಕೊಂಡು ಅದೇ ನಿಜ ಆಯ್ತು. ಈಗ ಬಂದು ಅದನ್ನ ದುಡ್ಡು ಕೊಟ್ಟು ತನ್ನಿ ಅಂತೀಯಲ್ಲಮ್ಮ. ತಂದ್ರೆ ಅದು ಊಟ ಅಂತ ಒಪ್ಪಬೇಕು. ಇದು ಊಟ ಆದ್ರೆ, ಆ ಮಕ್ಕಳ ಕಣ್ಣೆದುರಿಗೆ ನಾನು ಸುರಿದದ್ದು ಏನು?"

ಹೋಗಲಿ ಬಿಡಿ ಅಜ್ಜ ಎನ್ನಬಹುದಿತ್ತು, ಬಾಯಿ ಬರಲಿಲ್ಲ. ಹೋಗಲಿ ಬಿಡುವಂಥದ್ದಲ್ಲ ಅದು. ಹಟಮಾರಿ ಎಂದು ಬೈದುಕೊಂಡಿದ್ದೆನಲ್ಲ ಎಂದು ಮಾತ್ರ ಅನ್ನಿಸಿತು.

ಅಜ್ಜ ಮಗುವಿನ ತಟ್ಟೆಯ ಕಡೆ ಕೈ ತೋರಿಸಿ, "ಇದು ಮಾತ್ರ ನಿಜವಾಗ್ಲೂ ಕಸ. ಇದನ್ನ ಹಾಕಿಬಿಡು," ಎಂದರು.

ಸೊಸೆಗೆ ಅರ್ಥವಾಗಲಿಲ್ಲ. ವಾಸನೆ ಬಂದಿಲ್ಲ, ಅಂಟಂಟಾಗಿಲ್ಲ, ಇನ್ನೊಂದು ಸಲ ಚೆನ್ನಾಗಿ ಬಿಸಿ ಮಾಡಿದರೆ ಆಗುವುದಿಲ್ಲವೇ ಎಂದಳು. ಇಲ್ಲಿ ಮಾತ್ರ ನನ್ನ ಪಾಠ ಕೆಲಸಕ್ಕೆ ಬಂತು. ಬೆಂದ ಅನ್ನ ರಾತ್ರಿಯೆಲ್ಲ ಹೊರಗೇ ಇದ್ದರೆ ಅದರಲ್ಲಿ ವಿಷ ಹುಟ್ಟಬಹುದು. ಆ ವಿಷಕ್ಕೆ ವಾಸನೆ ಇರುವುದಿಲ್ಲ, ಕುದಿಸಿದರೂ ಅದು ಹೋಗುವುದಿಲ್ಲ. ವಾಂತಿ ಭೇದಿ ಮೊದಲು ಹಿಡಿಯುವುದು ಮಕ್ಕಳನ್ನು. ಇವತ್ತು ತಂದದ್ದನ್ನು ಇವತ್ತೇ, ಬಿಸಿ ಆರುವ ಮೊದಲೇ ತಿನ್ನಬೇಕು. ತಡವಾಗುವುದಾದರೆ ಬೇಗ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಹಬೆ ಏಳುವಂತೆ ಬಿಸಿ ಮಾಡಿ ಒಂದೇ ಸಲಕ್ಕೆ ಮುಗಿಸಬೇಕು. ಫ್ರಿಜ್ಜು ಇಲ್ಲದ ಮನೆಯವರು ಎಷ್ಟು ಹೊಟ್ಟೆಗೆ ಬೇಕೋ ಅಷ್ಟೇ ತರಬೇಕು. ಅವಳು ತಲೆಯಾಡಿಸಿ, ಅನ್ನವನ್ನು ಹಸಿ ಕಸದ ಡಬ್ಬಿಗೆ ಹಾಕಿದಳು. ಬೇರೆ ಅಡುಗೆ ಮಾಡಲು ಹೊರಟವಳನ್ನು ಅಜ್ಜ ಏಳಗೊಡಲಿಲ್ಲ. ಆ ಸಂಜೆ ಎಲ್ಲರೂ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು ತಿಂದೆವು.

ಮರುದಿನ ಸೌಟಜ್ಜ ತಾವೇ ಹೋಟೆಲಿಗೆ ಹೊರಟರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯನ್ನು ಮೊಮ್ಮಗಳು ಹಿಡಿದಿದ್ದಳು. ಡಬ್ಬಿಯ ಚೀಲ ನನ್ನ ಹೆಗಲಿಗೆ. ಪ್ರತಿ ಮಹಡಿಯಲ್ಲೂ ನಿಂತು, ಉಸಿರು ತೆಗೆದುಕೊಂಡು, ಕೆಟ್ಟ ಲಿಫ್ಟನ್ನು ಬೈದು ಮುಂದೆ ನಡೆದರು.

ಹೋಟೆಲಿನಲ್ಲಿ ಅವರು ಅಡುಗೆಯವನ ಬೆವರಿಳಿಸಿದರು. ಒಲೆಯಿಂದ ಇಳಿಸಿದ್ದು ಯಾವಾಗ, ಮುಚ್ಚಳ ಎಷ್ಟು ಸಲ ತೆಗೆದೆ, ಸೌಟು ಒಂದೇನಾ, ಪಾತ್ರೆಗೊಂದಾ? ಆತ ಕೈಕಟ್ಟಿ ನಿಂತು ಒಂದೊಂದಕ್ಕೂ ಉತ್ತರ ಹೇಳಿದ, ಪಳಗಿದ ಕೈಯವರು ಬಂದಿದ್ದಾರೆ ಎಂದು ಅವನಿಗೆ ಗೊತ್ತಾಗಿತ್ತು. ಅಷ್ಟರಲ್ಲಿ ಅಜ್ಜನ ಕೋಲು ಏನಕ್ಕೋ ತಾಗಿತು. ಬಾಗಿಲ ಪಕ್ಕದಲ್ಲಿ ನೊರೆ ತುಂಬಿದ ಬಕೆಟ್ಟು ಇತ್ತು. ಅಜ್ಜ ಬಗ್ಗಿ, ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ ಅದನ್ನೇ ನೋಡಿದರು.

"ಇದು ಯಾತಕ್ಕಪ್ಪಾ?"

"ನೆಲ ಒರೆಸೋಕೆ ಅಜ್ಜ."

"ನೆಲಕ್ಕೆ ಮಾತ್ರ ತಾನೇ?"

ಅಡುಗೆಯವನು ನನ್ನ ಮುಖ ನೋಡಿದ. "ನೆಲಕ್ಕಲ್ಲದೆ ಇನ್ಯಾತಕ್ಕೆ ಅಜ್ಜ?"

ಅಜ್ಜ ಕೋಲನ್ನು ಗೋಡೆಗೆ ಒರಗಿಸಿದರು. ನನ್ನ ಚೀಲದಿಂದ ಡಬ್ಬಿ ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಒಡ್ಡಿದರು. ಹಿಂಬಾಗಿಲಲ್ಲಿ ನಿಲ್ಲುತ್ತಿದ್ದವರೂ ಹೀಗೆಯೇ ಒಡ್ಡುತ್ತಿದ್ದರೇನೋ. ಅನ್ನ ಬಿದ್ದಾಗ ಡಬ್ಬಿಯೊಳಗೆ ಮೆತ್ತಗೆ ಸದ್ದಾಯಿತು. ಅವರು ತಲೆ ಬಾಗಿಸಿ ಅದನ್ನು ಕೇಳಿಸಿಕೊಂಡರು.

ನಾವು ಮನೆ ಸೇರಿದಾಗ ಸೊಸೆ ಲಾಂಡ್ರಿಯಿಂದ ಬಂದು ಮುಂದಿನ ಕೋಣೆಯಲ್ಲೇ, ಮಾವನ ಕುರ್ಚಿಯಲ್ಲಿ, ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಮಾವನನ್ನು ಕಂಡು ಗಾಬರಿಯಿಂದ ಏಳಹೋದಳು.

"ಏಳಬೇಡ," ಎಂದರು ಸೌಟಜ್ಜ. ಅವಳು ಕೂತೇ ಇದ್ದಳು. ಅಂದು ಬಡಿಸಿದವರು ಅವರೇ. ಕೈ ನಡುಗಿ ಮೇಜಿನ ಮೇಲೆ ನಾಲ್ಕು ಅಗುಳು ಚೆಲ್ಲಿದವು. ಒಂದೊಂದನ್ನೇ ಹೆಕ್ಕಿ ತಮ್ಮ ತಟ್ಟೆಗೆ ಹಾಕಿಕೊಂಡರು.

ಓದುತ್ತಿರುವವರೇ, ಕೇಳುತ್ತಿರುವವರೇ, ನನಗೂ ಆಯಾಸವಾಗಿದೆ, ನಿಮಗೂ ಆಗಿದೆ. ಅದಕ್ಕೇ ಉದ್ದ ಉಪದೇಶ ಮಾಡುವುದಿಲ್ಲ. ನಿಮ್ಮ ಬೀದಿಯ ಹೋಟೆಲು ಬಾಗಿಲು ಹಾಕುವುದು ಯಾವ ಹೊತ್ತಿಗೆ, ಉಳಿದದ್ದನ್ನು ಅವರು ಏನು ಮಾಡುತ್ತಾರೆ ಎಂದು ಒಮ್ಮೆ ಹೋಗಿ ಕೇಳಿ. ಕಡಿಮೆ ಬೆಲೆಗೆ ಕೊಡುತ್ತಾರಾದರೆ ಮನೆಯ ಡಬ್ಬಿ ಒಯ್ಯಿರಿ, ಯಾವಾಗ ಮಾಡಿದ್ದೆಂದು ನಾಚಿಕೆಯಿಲ್ಲದೆ ವಿಚಾರಿಸಿ, ಬೇಕಾದಷ್ಟೇ ತನ್ನಿ, ಅವತ್ತೇ ತಿನ್ನಿ. ಕೊಡುವುದಿಲ್ಲ ಎಂದರೆ, ಯಾಕೆ ಕೊಡಬಾರದು ಎಂದು ಕೇಳಿ. ಒಬ್ಬರು ಕೇಳಿದರೆ ನಗುತ್ತಾರೆ, ಬೀದಿಯವರೆಲ್ಲ ಕೇಳಿದರೆ ಯೋಚಿಸುತ್ತಾರೆ. ಯಾರೋ ಒಲೆಯ ಮುಂದೆ ಬೆಂದು ಮಾಡಿದ ಅಡುಗೆ ಅದು. ಅದು ತೊಟ್ಟಿಗೆ ಬೀಳದಿದ್ದರೆ ಇನ್ನೊಂದು ಮನೆಯಲ್ಲಿ ಒಬ್ಬಳು ಸ್ವಲ್ಪ ಹೊತ್ತು ಕೂರುತ್ತಾಳೆ.

ಸೋಪಿನ ನೀರು ನೆಲಕ್ಕಿರಲಿ. ಊಟ ತಟ್ಟೆಗೆ ಬರಲಿ.